ಬೀರಪ್ಪ ಕಾಕಾರ ಪೀಠಿಕೆ

ಭಾನುವಾರ ಮಸಾಲೆ ಡಬ್ಬಿ ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ತುಂಬಿಡುವುದು ನನ್ನ ಹಳೆಯ ರೂಢಿ. ಈ ಸಲವೂ ಜೀರಿಗೆ, ಮೆಣಸು, ದಾಲ್ಚಿನ್ನಿ ಎಲ್ಲ ಅದರದರ ಮನೆ ಸೇರಿದ ಮೇಲೆ ಕೊನೆಗೆ ಲವಂಗದ ಪೊಟ್ಟಣ ಬಿಚ್ಚಿದೆ. ಆ ವಾಸನೆ ಬಂದದ್ದೇ ತಡ, ಅಡಿಗೆಮನೆಯ ಬಾಗಿಲಲ್ಲಿ ಬೀರಪ್ಪ ಕಾಕಾ ಬಂದು ನಿಂತಂತಾಯಿತು. ಬರೀ ನಿಂತಂತಲ್ಲ, ‘ಏನಿಲ್ಲ ಮಗಾ, ಹಂಗೇ ಬಂದೆ’ ಎಂದು ಮಾತು ಸುರು ಮಾಡಿದಂತೆಯೂ ಆಯಿತು.

ಬೀರಪ್ಪ ಕಾಕಾ ನನ್ನ ಅಪ್ಪನ ತಮ್ಮ. ಔರಾದ ಕಡೆಯ ನಮ್ಮ ಊರಿನಲ್ಲಿ ಹೊಲ ಮಾಡಿಕೊಂಡು, ಕುರಿ ಸಾಕಿಕೊಂಡು ಇದ್ದವರು, ಈಗಲೂ ಇರುವವರು. ಅವರ ದವಡೆಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ವಯಸ್ಸಿನಲ್ಲಿದ್ದಾಗ ಹಲ್ಲುನೋವಿಗೆಂದು ಇಟ್ಟುಕೊಂಡದ್ದಂತೆ. ಆ ನೋವು ಹೋಯಿತು, ಲವಂಗ ಉಳಿಯಿತು. ಅವರು ನಮ್ಮನ್ನು ಎತ್ತಿಕೊಂಡರೆ ಕುರಿಯ ಉಣ್ಣೆ, ಬಿಸಿಲು, ಲವಂಗ, ಈ ಮೂರೂ ಕೂಡಿದ ಒಂದು ವಾಸನೆ ಬರುತ್ತಿತ್ತು. ಯಾವ ಅಂಗಡಿಯಲ್ಲೂ ಸಿಗದ ವಾಸನೆ ಅದು.

ಲವಂಗದಿಂದ ಸುರು ಮಾಡಿ ಈಕೆ ಎಲ್ಲಿಗೆ ಹೊರಟಳು ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ನಾನು ಹೇಳಬೇಕೆಂದಿರುವುದು ಪೀಠಿಕೆ ಎಂಬ ಶಬ್ದದ ವಿಷಯ. ಪೀಠಿಕೆಯ ವಿಷಯ ಹೇಳುವಾಗ ನೇರವಾಗಿ ಇಳಿದುಬಿಟ್ಟರೆ ಅದಕ್ಕೆ ಮರ್ಯಾದೆ ಕೊಟ್ಟಂತಾಗುವುದಿಲ್ಲ. ಸ್ವಲ್ಪ ಕೂತುಕೊಳ್ಳಿ.

ನಾನು ಬೀದರಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕನ್ನಡ ಓದಿದ ಯಾರಿಗೂ ಪ್ರಬಂಧದ ಮೂರು ಕೋಣೆಗಳು ಮರೆತಿರಲಾರವು: ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ನಮ್ಮ ಮಕ್ಕಳು ಉತ್ತರಪತ್ರಿಕೆಯಲ್ಲಿ ಈ ಮೂರನ್ನೂ ಬರೆದು, ಅಡಿಗೆರೆ ಎಳೆದು, ಆಮೇಲೆ ಯೋಚನೆ ಮಾಡಲು ಸುರು ಮಾಡುತ್ತಾರೆ. ಪೀಠಿಕೆ ಚಿಕ್ಕದಿರಲಿ ಎಂದು ನಾನು ವರ್ಷಗಟ್ಟಲೆ ಹೇಳುತ್ತ ಬಂದಿದ್ದೇನೆ. ಆದರೂ ಈ ಸಲದ ಕಟ್ಟಿನಲ್ಲಿ ಒಬ್ಬ ಹುಡುಗಿ ‘ನೀರಿನ ಮಿತ ಬಳಕೆ’ ಎಂಬ ಪ್ರಬಂಧವನ್ನು ತನ್ನ ಆಯಿಯ, ಅಂದರೆ ಅಜ್ಜಿಯ, ಊರಿನಿಂದ ಸುರು ಮಾಡಿದ್ದಾಳೆ. ಆ ಊರಿನ ಬಸ್ಸು, ಬಸ್ಸು ಇಳಿದ ಮೇಲಿನ ಹುಣಸೆ ಗಿಡ, ಆಯಿಯ ಮನೆಯ ಬಾವಿ, ಬಾವಿಕಟ್ಟೆಯ ಮೇಲೆ ಮಲಗುವ ಬೆಕ್ಕು, ಎಲ್ಲ ಬಂದಿವೆ. ನೀರು ಮಾತ್ರ ಇನ್ನೂ ಬಂದಿಲ್ಲ. ಇಂಥ ಕಡೆ ನಾನು ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದು ‘ವಿಷಯಕ್ಕೆ ಬಾ’ ಎಂದು ಬರೆಯುವುದು ವಾಡಿಕೆ.

ಹಾಗೆ ನೋಡಿದರೆ ಈ ಪೀಠಿಕೆ ಬಹಳ ಗೌರವದ ಮನೆತನದ ಶಬ್ದ. ಪೀಠ ಎಂದರೆ ಕೂಡುವ ಆಸನ. ಅದರ ಸಣ್ಣ ರೂಪ ಪೀಠಿಕೆ. ದೇವರ ಮೂರ್ತಿಯನ್ನು ನೆಲದ ಮೇಲೆ ಹಾಗೇ ಇಡುವುದಿಲ್ಲ, ಕೆಳಗೆ ಒಂದು ಕಲ್ಲು ಕೊಡುತ್ತಾರಲ್ಲ, ಅದೂ ಪೀಠಿಕೆಯೇ. ಅಲ್ಲಿಂದ ಪುಸ್ತಕಕ್ಕೆ ಬಂತು, ಭಾಷಣಕ್ಕೆ ಬಂತು, ಕೊನೆಗೆ ‘ಪೀಠಿಕೆ ಹಾಕಬ್ಯಾಡ, ಏನು ಬೇಕು ಹೇಳು’ ಎಂದು ಗಂಡಂದಿರು ಹೆಂಡಂದಿರಿಗೆ, ಹೆಂಡಂದಿರು ಮಕ್ಕಳಿಗೆ ಅನ್ನುವ ಮಟ್ಟಕ್ಕೂ ಇಳಿಯಿತು.

ಒಮ್ಮೆ ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ನಮ್ಮ ಉರ್ದು ಟೀಚರ್ ನಸ್ರೀನ್ ಆಪಾ ಡಬ್ಬಿಯ ಮುಚ್ಚಳ ತೆಗೆಯುತ್ತ ಹೇಳಿದರು: “ನಮ್ಮದರಾಗ ಇದಕ್ಕ ತಮ್ಹೀದ ಅಂತಾರ್ರಿ. ಹಾಸೂದು, ಸಪಾಟ ಮಾಡೂದು ಅಂತ ಅದರ ಅರ್ಥ. ಕೂಸಿನ ತೊಟ್ಟಿಲಕ್ಕ ಅರಬಿಯೊಳಗ ಮಹ್ದ್ ಅಂತಾರ. ಅದೂ ಇದೇ ಬೇರಿಂದು.”

“ಅಂದ್ರ ಮಾತಿಗಿ ಮೊದಲ ಹಾಸಿಗಿ ಹಾಸಬೇಕು ಅನ್ರಿ” ಅಂದೆ.

“ಹಾಸಬೇಕಲ್ರಿ ಮತ್ತ. ಮಾತು ಬರಿಗಲ್ಲಿನ ಮ್ಯಾಲ ಮಲಗ್ತದೇನು?”

ಸಮಾಜ ವಿಜ್ಞಾನದ ಸರ್ ಸುಮ್ಮನಿರಲಿಲ್ಲ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಂದ ಸಂವಿಧಾನದ ಪೀಠಿಕೆ ಓದಿಸುವವರು ಅವರೇ. ಅದರ ಇಂಗ್ಲಿಷ್ ಹೆಸರಾದ ‘ಪ್ರಿಯಾಂಬಲ್’ನ ಬೇರು ಹಿಡಿದು ಹೋದರೆ ‘ಮುಂದೆ ನಡೆಯುವುದು’ ಎಂದು ಅರ್ಥ ಬರುತ್ತದೆ ಅಂದರು. ಮುಂದೆ ನಡೆಯುವುದು! ಅದನ್ನು ಕೇಳಿ ನನಗೆ ನಗು ಬಂತು. ಯಾಕೆಂದರೆ ಮುಂದೆ ನಡೆಯುವವರು ಅಂದಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಕಾಕಾರ ಮೇಕೆ.

ಕುರಿ ಸಾಕಿದವರಿಗೆ ಇದು ಗೊತ್ತಿರುತ್ತದೆ, ಉಳಿದವರಿಗೆ ಹೇಳಬೇಕು. ಕುರಿಹಿಂಡಿನಲ್ಲಿ ಒಂದೆರಡು ಮೇಕೆ ಇಟ್ಟಿರುತ್ತಾರೆ. ಕುರಿಗೆ ತಾನಾಗಿ ಹೊಸ ಜಾಗಕ್ಕೆ ಕಾಲಿಡುವ ಧೈರ್ಯವಿಲ್ಲ. ಹಳ್ಳದ ನೀರು ಕಂಡರೆ ನಿಂತುಬಿಡುತ್ತದೆ, ಡಾಂಬರು ರಸ್ತೆ ಕಂಡರೆ ನಿಂತುಬಿಡುತ್ತದೆ. ಮೇಕೆ ಹಾಗಲ್ಲ. ಕೊರಳ ಗಂಟೆ ಆಡಿಸುತ್ತ ಅದು ಮೊದಲು ಇಳಿಯುತ್ತದೆ, ಹಿಂದೆ ಇಡೀ ಹಿಂಡು. “ಮಾತೂ ಹಂಗೇ ಮಗಾ,” ಎನ್ನುತ್ತಿದ್ದರು ಕಾಕಾ. “ಮುಂದ ಒಂದು ಮೇಕಿ ಬಿಡಬೇಕು. ಅದು ಹೋಗಿ ಜಾಗ ನೋಡ್ತದ. ಆಮ್ಯಾಲ ಕುರಿ.”

ಅವರು ಈ ವಿದ್ಯೆ ಕಲಿತದ್ದು ಹೊಲಗಳಲ್ಲಿ. ರಾಶಿ ಮುಗಿದು ಹೊಲ ಖಾಲಿಯಾದಾಗ ಕುರಿಯವರು ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಾರೆ. ರಾತ್ರಿ ಯಾರದಾದರೂ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರವಾಯಿತು, ಕುರಿಯವರಿಗೆ ಜೋಳವೋ ಕಾಳೋ ಸಿಕ್ಕಿತು. ಆದರೆ ‘ನಿಮ್ಮ ಹೊಲದಾಗ ಕುರಿ ನಿಲ್ಲಿಸ್ತೇವಿ, ಏನು ಕೊಡ್ತೀರಿ’ ಎಂದು ನೇರ ಕೇಳಿದರೆ ಅದು ಭಿಕ್ಷೆಯಂತೆಯೂ ಕೇಳಿಸಬಹುದು, ಜಬರದಸ್ತಿಯಂತೆಯೂ ಕೇಳಿಸಬಹುದು. ಆದ್ದರಿಂದ ಕಾಕಾ ಹೊಲದ ಬದುವಿನ ಮೇಲೆ ಕಂಬಳಿ ಹಾಸಿ ಕೂಡುತ್ತಿದ್ದರು. ಮೊದಲು ಮಳೆಯ ಮಾತು. ಆಮೇಲೆ ದಾರಿ. ಆಮೇಲೆ ಎತ್ತು, ಎಮ್ಮೆ. ಆಮೇಲೆ ಮನೆಯ ಹಿರಿಯರ ಮೊಣಕಾಲು. ಹೊಲದವನ ಮುಖ ಸಡಿಲಾದ ಮೇಲೆ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಪುಡಿ ಮಾಡುತ್ತ, “ಮಣ್ಣು ಭಾಳ ಚಲೋ ಅದರಿ, ಜರಾ ದಣದದ” ಅನ್ನುತ್ತಿದ್ದರು. ಆಗ ಹೊಲದವನೇ, “ಹಂಗಾದ್ರ ಎರಡು ದಿನ ನಿಲ್ಲಿಸ್ರಲ್ಲ ಕುರಿ” ಅನ್ನಬೇಕು. ಕಾಕಾ ಆಗಲೂ ತಟ್ಟನೆ ಹೂಂ ಅನ್ನುತ್ತಿರಲಿಲ್ಲ.

ಈ ವಿದ್ಯೆ ಹೊಲದಲ್ಲಿಯೇ ಉಳಿದಿದ್ದರೆ ಚೆನ್ನಾಗಿತ್ತು. ಮನೆಗೂ ಬಂತು. “ಇವರು ಅನ್ನ ನೀಡು ಅಂತ ಕೇಳೂದರಾಗ ಸಾರು ಆರಿ ಹೋಗಿರ್ತದ” ಎಂದು ಗುಂಡಮ್ಮ ಕಾಕಿ ಈಗಲೂ ಹೇಳುತ್ತಾರೆ. ಕಾಕಾರ ಕೈಗೆ ಮೊಬೈಲು ಬಂದ ಮೇಲಂತೂ ಅವರಿಗೆ ಭಾಲ್ಕಿ, ಬೀದರ, ಹೈದರಾಬಾದು ಎಲ್ಲವೂ ಹೊಲದ ಬದುವೇ ಆಯಿತು. ಫೋನು ಮಾಡಿದರೆ ಮೊದಲು ಬೀದರದ ಮಳೆ ಕೇಳಬೇಕು, ಆಮೇಲೆ ಔರಾದದ ಮಳೆ ಹೇಳಬೇಕು. ನಾನು ಸ್ಪೀಕರ್ ಹಾಕಿ, ಫೋನನ್ನು ಕಿಟಕಿಯಲ್ಲಿಟ್ಟು, ಪಾತ್ರೆ ತೊಳೆಯುತ್ತ ‘ಹೂಂ ಕಾಕಾ, ಹೌದ್ರಿ ಕಾಕಾ’ ಅನ್ನುತ್ತಿದ್ದೆ. ವಿಷಯ ಬರುವ ಹೊತ್ತಿಗೆ ಪಾತ್ರೆ ಮುಗಿದು, ಕಟ್ಟೆ ಒರೆಸಿಯಾಗಿರುತ್ತಿತ್ತು. ನನ್ನ ಮನೆಯವರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಅವರು ಬೀದರಿನ ಕಾಳುಪೇಟೆ ಗಾಂಧಿ ಗಂಜಿನಲ್ಲಿ ಒಂದು ಅಡತಿ ಅಂಗಡಿಯಲ್ಲಿ ಕೆಲಸ ಮಾಡುವವರು. ಅಲ್ಲಿ ಚೀಲಕ್ಕೆ ಕೈ ಹಾಕಿ, ಮುಷ್ಟಿ ಕಾಳು ತೆಗೆದು ನೋಡಿ, ದರ ಹೇಳಿ ಮುಂದಿನ ಚೀಲಕ್ಕೆ ಹೋಗುತ್ತಾರೆ. “ನಿಮ್ಮ ಕಾಕಾ ಗಂಜಿಗಿ ಬಂದ್ರ ಒಂದು ಚೀಲ ಮಾರೂದರಾಗ ಹುಳ ಬೀಳ್ತಾವ” ಎಂದು ನಗುತ್ತಿದ್ದರು.

ಕಾಕಾ ಪೀಠಿಕೆ ಇಲ್ಲದೆ ಮಾತಾಡಿದ್ದನ್ನು ನಾನು ಒಂದೇ ಸಲ ಕೇಳಿದ್ದೆ. ಆಗ ಬೀದರಿನ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದೆ. ಒಂದು ಮುಂಜಾನೆ ಗೇಟಿನ ಹತ್ತಿರ ಕಾಕಾ ನಿಂತಿದ್ದರು. ಮಳೆ ಇಲ್ಲ, ದಾರಿ ಇಲ್ಲ, ಎತ್ತಿಲ್ಲ, ಎಮ್ಮೆ ಇಲ್ಲ. “ನಡಿ ಮಗಾ” ಎಂದರು. ಅಷ್ಟೇ. ಅಪ್ಪ ಹೋಗಿಬಿಟ್ಟಿದ್ದಾನೆ ಎಂದು ಅವರು ಹೇಳಲೇ ಇಲ್ಲ, ಹೇಳುವ ಅವಶ್ಯಕತೆಯೂ ಇರಲಿಲ್ಲ. ಬಸ್ಸಿನಲ್ಲಿ ಊರು ಮುಟ್ಟುವವರೆಗೆ ನನ್ನ ಕೈ ಹಿಡಿದು ಕೂತಿದ್ದರು. ಅಂದಿನಿಂದ ನನ್ನ ಒಳಗೆ ಒಂದು ಲೆಕ್ಕ ಕೂತುಬಿಟ್ಟಿತ್ತು. ಕಾಕಾ ಉದ್ದ ಮಾತಾಡಿದರೆ ಎಲ್ಲ ಆರಾಮ ಇದೆ ಎಂದು ಅರ್ಥ.

ಅದಕ್ಕೇ ಹೋದ ಚಳಿಗಾಲದ ಒಂದು ಸಂಜೆ ಬಂದ ಫೋನಿಗೆ ನಾನು ಹಾಗೆ ಹೆದರಿದ್ದು. ಕಾಕಾರ ಹೆಸರು ನೋಡಿ ಸ್ಪೀಕರ್ ಹಾಕಿ, ಫೋನು ಕಿಟಕಿಯಲ್ಲಿಟ್ಟು, ನಲ್ಲಿ ತಿರುಗಿಸಿದೆ. ಆ ಕಡೆಯಿಂದ ಬರೀ ಉಸಿರು. ಆಮೇಲೆ ಸಣ್ಣ ದನಿಯಲ್ಲಿ, “ಮಗಾ, ಬಾ.” ನಾನು ನಲ್ಲಿ ಬಂದ್ ಮಾಡಿದೆ. “ಏನಾಗ್ಯಾದ್ರಿ ಕಾಕಾ?” ಮತ್ತೆ ಉಸಿರು. “ಬಾ. ಬೇಗ ಬಾ ಮಗಾ.” ಫೋನು ಕಟ್ಟಾಯಿತು. ತಿರುಗಿ ಹಚ್ಚಿದರೆ ಸ್ವಿಚ್ ಆಫ್. ಕಾಕಿಯ ಹತ್ತಿರ ಬೇರೆ ಫೋನಿಲ್ಲ. ಕಾಕಾರ ಮಗ, ನನ್ನ ಅಣ್ಣ, ಕುರಿಯ ಹಿಂದೆ ಹೋದರೆ ಅವನ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ.

ಕೈಯ ಸಾಬೂನು ಒಣಗುವವರೆಗೆ ಅಲ್ಲೇ ನಿಂತಿದ್ದೆ. ಕಾಕಿಗೇ ಏನೋ ಆಗಿರಬೇಕು, ಅಥವಾ ಅಣ್ಣನಿಗೆ, ಅಥವಾ ಕಾಕಾರಿಗೇ ಬಾಯಿ ಬಿದ್ದುಹೋಗಿರಬೇಕು. ಮನೆಯವರು ಮುಖ ನೋಡಿ, “ಏನಂದ್ರು?” ಎಂದು ಕೇಳಿದರು. “ಏನೂ ಅನ್ನಲಿಲ್ಲ” ಎಂದೆ. ಅವರೂ ನಗಲಿಲ್ಲ.

ಮುಂಜಾನೆಯ ಮೊದಲ ಔರಾದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು, “ಎಲ್ಲಿ ತನಕ್ರಿ? ತವರಮನಿಗೇನು? ಈ ವರ್ಷ ಥಂಡಿ ಭಾಳ ಅದ ನೋಡ್ರಿ” ಎಂದು ಬಹಳ ಪ್ರೀತಿಯಿಂದ ಮಾತಿಗೆ ಹಾಸಿಗೆ ಹಾಸುತ್ತಿದ್ದರು. ನನ್ನಿಂದ ಒಂದು ಹೂಂ ಕೂಡ ಹೊರಡಲಿಲ್ಲ. ಆ ತಾಯಿ ನನ್ನನ್ನು ಸೊಕ್ಕಿನವಳು ಅಂದುಕೊಂಡು ಕಿಟಕಿಯ ಕಡೆ ತಿರುಗಿದರು.

ಊರು ಬಂತು. ಓಣಿ ತಿರುಗಿದರೆ ನಮ್ಮ ಮನೆ. ಮನೆಯ ಮುಂದೆ ಜನ ನಿಂತಿರಬಹುದು ಎಂದು ನೆಲ ನೋಡಿಕೊಂಡೇ ಬಂದೆ. ನೆಲದ ಮೇಲೆ ರಂಗೋಲಿ ಇತ್ತು! ಹೊಸದಾಗಿ ಸಾರಿಸಿದ ಅಂಗಳ, ಮಧ್ಯೆ ದೊಡ್ಡ ರಂಗೋಲಿ. ಒಳಗಿನಿಂದ ಶಿರಾ ಹುರಿಯುವ ತುಪ್ಪದ ವಾಸನೆ. ನೆರೆಮನೆಯ ಹುಡುಗಿಯರು ಪ್ಲಾಸ್ಟಿಕ್ ಕುರ್ಚಿ ಹೊತ್ತು ತರುತ್ತಿದ್ದರು. ಸಾವಿನ ಮನೆಯಲ್ಲಿ ಯಾರೂ ಶಿರಾ ಮಾಡುವುದಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

“ಬಂದ್ಯಾ ಅವ್ವಾ? ಚಲೋ ಆಯ್ತು” ಎಂದು ಕಾಕಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. “ಯಾಕ, ಮಾರಿ ಹಿಂಗ್ಯಾಕ ಮಾಡೀ?”

“ಕಾಕಾ ಎಲ್ಲಿದ್ದಾರ್ರಿ?”

“ಒಳಗ ಕೂತಾರ ನೋಡು, ಹೊಸಾ ಮದಲಗಿತ್ತಿ ಕೂತಂಗ.”

ಒಳಕೋಣೆಯಲ್ಲಿ ಕಾಕಾ ಮಂಚದ ಮೇಲೆ ಕೂತಿದ್ದರು. ಮೈ ಗಟ್ಟಿಯಾಗಿತ್ತು, ಕಣ್ಣು ಗಟ್ಟಿಯಾಗಿತ್ತು. ಬಾಯಿಗೆ ಮಾತ್ರ ಟವೆಲು ಅಡ್ಡ ಹಿಡಿದಿದ್ದರು. ನಾನು ಹತ್ತಿರ ಹೋಗಿ ಟವೆಲು ಸರಿಸಿದೆ. ಒಂದೂ ಹಲ್ಲಿಲ್ಲ! ಲವಂಗಕ್ಕೆ ಒರಗಲೂ ಜಾಗವಿಲ್ಲ.

ಆದದ್ದು ಇಷ್ಟು. ಮೊಮ್ಮಗಳು, ಅಣ್ಣನ ಮಗಳು ಸುನೀತಾಳ ಮದುವೆಯ ಮಾತುಕತೆಗೆ ಗಂಡಿನ ಕಡೆಯವರು ಭಾಲ್ಕಿಯಿಂದ ಬರುವವರಿದ್ದರು. ಹಾಳಾದ ಹಲ್ಲುಗಳಲ್ಲಿ ಕೂತು ಮಾತಾಡುವುದು ಬೇಡ, ಹೊಸ ಸೆಟ್ಟು ಹಾಕಿಕೊಂಡು ಗತ್ತಿನಿಂದ ಮಾತು ತೆಗೆಯೋಣ ಎಂದು ಕಾಕಾ ಯಾರಿಗೂ ಹೇಳದೆ ಭಾಲ್ಕಿಗೆ ಹೋಗಿ ಇದ್ದವನ್ನೆಲ್ಲ ಕೀಳಿಸಿಕೊಂಡು ಬಂದಿದ್ದರು. ಈಗ ಡಾಕ್ಟರು, ವಸಡು ಮಾಗುವವರೆಗೆ ಸೆಟ್ಟು ಕೊಡಲಾಗುವುದಿಲ್ಲ ಎಂದಿದ್ದರು. ಮಾತುಕತೆಯ ದಿನ ಮೊದಲೇ ನಿಗದಿಯಾಗಿತ್ತು, ಅದೂ ಅಂದೇ.

ನನಗೆ ನಗುವೂ ಬಂತು, ಅಳುವೂ ಬಂತು. “ಇಷ್ಟ ಫೋನಿನಾಗ ಹೇಳ್ಬಾರದಿತ್ತೇನ್ರಿ ಕಾಕಾ? ನನ್ನ ಜೀವ ಕೈಯಾಗ ಬಂದಿತ್ತು.”

“ಹ್ಯಾಂಗ ಹೇಳ್ತಾರವ್ವಾ?” ಎಂದರು ಕಾಕಿ. “ಹಲ್ಲಿಲ್ಲ ಅಂತ ಹೇಳ್ಲಿಕ್ಕೂ ಹಲ್ಲು ಬೇಕಲ್ಲ. ನಾಚಿಕಿ ಬ್ಯಾರೆ. ಫೋನಿನ ಕರೆಂಟೂ ಮುಗಿದಿತ್ತು.”

ಆಗ ಹೊಳೆಯಿತು. ‘ಮಗಾ, ಬೇಗ ಬಾ’ ಅನ್ನುವುದಕ್ಕೆ ತುಟಿ, ಗಂಟಲು ಸಾಕು, ಹಲ್ಲಿನ ಸಹಾಯ ಬೇಡ. ಯಾವಾಗಲೂ ‘ಲಗೂ ಬಾ’ ಅನ್ನುವ ಕಾಕಾ ತಮ್ಮ ಕೈಯಲ್ಲಿ ಉಳಿದ ಅಕ್ಷರಗಳನ್ನೇ ಆರಿಸಿಕೊಂಡಿದ್ದರು.

ಇನ್ನು ಮಾತು ತೆಗೆಯುವವರು ಯಾರು? ಅಣ್ಣನ ಬಾಯಲ್ಲಿ ಕುರಿ ಕರೆಯುವ ದನಿ ಬಿಟ್ಟರೆ ಬೇರೆ ಮಾತು ಹೊರಡುವುದು ಕಡಿಮೆ. ಕಾಕಾ ನನ್ನ ಕಡೆ ಬೆರಳು ಮಾಡಿದರು. ಮಕ್ಕಳ ಪೀಠಿಕೆಗೆ ಗೆರೆ ಎಳೆಯುವ ನಾನು!

ಬರುವವರು ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೆದರಿಕೆ ಇರಲಿಲ್ಲ. ಗಂಡಿನ ಅಜ್ಜ ಧೂಳಪ್ಪ. ಆ ಹೆಸರು ನಮ್ಮ ಮನೆಯಲ್ಲಿ ಮೆಲ್ಲಗೆ ಆಡುವ ಹೆಸರು. ನಾನು ಚಿಕ್ಕವಳಿದ್ದಾಗಿನ ಕತೆ. ಭಾಲ್ಕಿ ಕಡೆ ಅವರ ಊರಿನಲ್ಲಿ, ಉದ್ದು ತೆಗೆದ ಒಂದು ಹೊಲದಲ್ಲಿ ಕಾಕಾ ಕುರಿ ನಿಲ್ಲಿಸಿದ್ದರು. ಪಕ್ಕದ್ದು ಧೂಳಪ್ಪನವರ ಹೊಲ, ಕಾಯಿ ತುಂಬಿ ನಿಂತ ತೊಗರಿ. ಬೆಳಗಾಗುವುದರಲ್ಲಿ ತೊಗರಿಯ ಒಂದು ಮಗ್ಗುಲು ಬೋಳಾಗಿತ್ತು. “ಚಿಗರಿ ತಿಂದಾವು” ಎಂದರು ಕಾಕಾ. ನಮ್ಮ ಕಡೆ ಚಿಗರಿಗಳು, ಅಂದರೆ ಜಿಂಕೆಗಳು, ಹಿಂಡುಹಿಂಡಾಗಿ ಬಂದು ಹೊಲ ತಿನ್ನುವುದು ಸುಳ್ಳೇನಲ್ಲ. ಆದರೆ ಧೂಳಪ್ಪ, “ನಾ ಗಂಟಿ ಸಪ್ಪಳ ಕೇಳೀನಿ. ಚಿಗರಿ ಕೊಳ್ಳಾಗ ಗಂಟಿ ಯಾರು ಕಟ್ಟಿದ್ರು?” ಎಂದರಂತೆ. ಅಲ್ಲಿಗೆ ಮಾತು ನಿಂತಿತು. ಆಮೇಲೆ ಮದುವೆ ಮುಂಜಿಗಳಲ್ಲಿ ಎಲ್ಲೇ ಸಿಕ್ಕರೂ ಕಾಕಾ ಅವರ ಹತ್ತಿರ ಹೋಗಿ ಕೂತು ಮಳೆಯ ಮಾತು ತೆಗೆಯುತ್ತಿದ್ದರು. ಮಳೆ ಮುಗಿದು ದಾರಿ ಬರುವುದರೊಳಗೆ ಧೂಳಪ್ಪ ಎದ್ದು ಹೋಗಿಬಿಡುತ್ತಿದ್ದರು.

ಹಿರಿಯರು ಹೀಗೆ ಕೂತಿರುವಾಗ ಕಿರಿಯರು ತಮ್ಮ ದಾರಿ ನೋಡಿಕೊಂಡಿದ್ದರು. ಸುನೀತಾ ಭಾಲ್ಕಿಯಲ್ಲಿ ನರ್ಸ್. ಧೂಳಪ್ಪನವರ ಮೊಮ್ಮಗ ಪ್ರಕಾಶ ಅಲ್ಲೇ ಒಂದು ಕಾಲೇಜಿನಲ್ಲಿ ಲ್ಯಾಬಿನ ಕೆಲಸಕ್ಕಿದ್ದಾನೆ. ಒಬ್ಬರನ್ನೊಬ್ಬರು ಮೆಚ್ಚಿದ ಮೇಲೆ ತೊಗರಿಯ ಕತೆ ಗೊತ್ತಾಯಿತು. ನಾನು ಸೀರೆ ಬದಲಿಸುತ್ತಿದ್ದಾಗ ಸುನೀತಾ ಬಂದು ನಿಂತಳು.

“ಅತ್ತಿ, ಅವರ ಮನ್ಯಾಗ ಧೂಳಪ್ಪ ಮುತ್ಯಾಂದೇ ಮಾತು. ಅವರು ಹೂಂ ಅಂದ್ರ ಆಗ್ತದ. ಇಲ್ಲಂದ್ರ ಪ್ರಕಾಶ ಮುತ್ಯಾನ ಮಾತು ಮುರಿಯಲ್ಲ, ನಾನೂ ಮುರೀರಿ ಅನ್ನಲ್ಲ.” ಸೆರಗಿನ ತುದಿ ತಿರುವಿದಳು. “ನೀವು ಚಂದ ಮಾತಾಡ್ರಿ.”

“ತೊಗರಿ ಹೆಸರು ಮಾತ್ರ ಎತ್ತಬ್ಯಾಡವ್ವಾ” ಎಂದರು ಹಿಂದಿನಿಂದ ಕಾಕಿ.

ಕಾಕಾ ನನ್ನನ್ನು ಕೂರಿಸಿಕೊಂಡು ಕೈಸನ್ನೆಯಲ್ಲೇ ಪಾಠ ಮಾಡಿದರು. ಆಕಾಶ ತೋರಿಸಿದರು: ಮಳೆ. ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದರು: ದಾರಿ. ಹಣೆಯ ಮೇಲೆ ಎರಡು ಕೊಂಬು ಮಾಡಿದರು: ದನ. ಮೊಣಕಾಲು ತಟ್ಟಿಕೊಂಡರು. ಒಂದು ಜೀವಮಾನದ ಪೀಠಿಕೆಯನ್ನು ನಾನು ಅಂದು ಕಣ್ಣಿನಿಂದ ಓದಿದೆ.

ಅವರು ಜೀಪು ಮಾಡಿಕೊಂಡು ಬಂದರು. ಧೂಳಪ್ಪ ಒಣಗಿದ ಮೈಯ, ಚೂಪು ಕಣ್ಣಿನ ಮುದುಕ, ತಲೆಗೆ ಬಿಳಿ ರುಮಾಲು. ಕಾಕಾರ ಎದುರಿನ ಕುರ್ಚಿಯಲ್ಲಿ ಕೂತರು. ಕಾಕಾ ಟವೆಲು ಬಾಯಿಗೆ ಹಿಡಿದೇ ಕೈ ಮುಗಿದರು. ಅವರಿಗೆ ಥಂಡಿ ಹತ್ತಿದೆ ಎಂದು ನಾನು ಹೇಳಿದೆ. ಚಹಾ ಬಂತು. ಎಲ್ಲರೂ ನನ್ನ ಮುಖ ನೋಡಿದರು.

“ದಾರಿ ಹ್ಯಾಂಗಿತ್ತುರಿ ಮಾಮಾ?”

“ಅದರಿ, ನಡು ನಡು ಜರಾ ಕಿತ್ತದ.”

“ಈ ವರ್ಷ ಮಳಿ ಭಾಳ ಆಯ್ತಲ್ರಿ.”

“ಭಾಳ ಆಯ್ತು. ಸೋಯಾ ಎಲ್ಲಾ ನೀರಾಗ ನಿಂತು ಹೋಯ್ತು.”

ಮಾತು ಚೆನ್ನಾಗಿ ಹೊರಟಿತ್ತು. ಮಳೆ ಆಯಿತು, ದಾರಿ ಆಯಿತು. ನನಗೆ ಧೈರ್ಯ ಬಂತು, ಒಂದು ಸಣ್ಣ ಹೆಮ್ಮೆಯೂ ಬಂತು. ಗಾಂಧಿ ಗಂಜಿನವನ ಹೆಂಡತಿ ನಾನು, ಚಳಿಗಾಲ ಬಂದರೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೂ ಒಂದೇ ಮಾತು. ಅದೇ ಮಾತು ತಾನಾಗಿ ನಾಲಿಗೆಗೆ ಬಂದುಬಿಟ್ಟಿತು:

“ಸೋಯಾ ಹೋದ್ರೂ ತೊಗರಿ ಕೈ ಹಿಡದದ ಅಂತಾರ್ರಿ ಗಂಜಿನಾಗ. ನಿಮ್ಮ ಕಡಿ ತೊಗರಿ ಹ್ಯಾಂಗ ಅದರಿ?”

ಹೇಳಿ ಮುಗಿಸಿದ ಮೇಲೆ ನನ್ನ ಕಿವಿಗೆ ಕೇಳಿಸಿತು. ಅಡಿಗೆಮನೆಯಲ್ಲಿ ಕಾಕಿಯ ಸೌಟು ನಿಂತಿತು. ಬಾಗಿಲ ಹಿಂದೆ ಸುನೀತಾಳ ಬಳೆ ಸಪ್ಪಳವೂ ನಿಂತಿತು. ಧೂಳಪ್ಪ ಚಹಾದ ಕಪ್ಪನ್ನು ನೆಲಕ್ಕಿಟ್ಟು, ರುಮಾಲಿನ ತುದಿಯಿಂದ ಮೀಸೆ ಒರೆಸಿಕೊಂಡರು.

“ತೊಗರಿ ಚಲೋ ಅದರಿ ಟೀಚರಮ್ಮ,” ಎಂದರು ನಿಧಾನವಾಗಿ. “ಈ ವರ್ಷ ಚಿಗರಿ ಬಂದಿಲ್ಲ. ಗಂಟಿ ಕಟಗೊಂಡ ಚಿಗರಿ ಅಂತೂ ಬಂದೇ ಇಲ್ಲ.”

ಪ್ರಕಾಶನ ಅಪ್ಪ ತಲೆ ತಗ್ಗಿಸಿದ. ಅಣ್ಣ ಗೋಡೆ ನೋಡಿದ. ನನಗೆ ನೆಲದೊಳಗೆ ಇಳಿದುಹೋಗಬೇಕು ಅನ್ನಿಸಿತು. ನೀರಿನ ಪ್ರಬಂಧದ ಹುಡುಗಿಯಾದರೂ ಬೆಕ್ಕಿನ ಹತ್ತಿರ ನಿಂತಿದ್ದಳು, ನಾನು ಹೋಗಿ ಬಾವಿಯಲ್ಲೇ ಬಿದ್ದಿದ್ದೆ. ಧೂಳಪ್ಪ ಕೋಲಿಗೆ ಕೈ ಹಾಕಿದರು. ಇನ್ನು ಎದ್ದೇ ಹೋಗುತ್ತಾರೆ.

ಆಗ ಕಾಕಾ ಟವೆಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಚಿಗರಿ ಅಲ್ಲ,” ಎಂದರು. ಅರ್ಧ ಮಾತು, ಅರ್ಧ ಗಾಳಿ. ಆದರೂ ಎಲ್ಲರಿಗೂ ಕೇಳಿಸಿತು. “ಮೇಕಿ. ನಮ್ಮ ಮೇಕಿ.”

ಧೂಳಪ್ಪನವರ ಕೈ ಕೋಲಿನ ಮೇಲೆಯೇ ಉಳಿಯಿತು. ಅವರು ಕಾಕಾರ ಕಣ್ಣು ನೋಡಿದರು, ಆಮೇಲೆ ಬಾಯಿ ನೋಡಿದರು. ಮುಂದಕ್ಕೆ ಬಗ್ಗಿ ಮತ್ತೊಮ್ಮೆ ನೋಡಿದರು.

“ಹಲ್ಲು ಎಲ್ಲಿ ಹೋದವೋ ಬೀರಪ್ಪ?”

“ನಿಮ್ಮ ಭಾಲ್ಕಿ ಡಾಕ್ಟರ್ ಹತ್ರ ಅವರಿ ಮಾಮಾ,” ಎಂದು ಒಳಗಿನಿಂದಲೇ ಕೂಗಿದರು ಕಾಕಿ. “ಹೋಗಾಗ ಜರಾ ನೋಡ್ಕೊಂಡು ಹೋಗ್ರಿ.”

ಮೊದಲು ನಕ್ಕವನು ಪ್ರಕಾಶನ ಅಪ್ಪ. ಆಮೇಲೆ ಅಣ್ಣ. ಧೂಳಪ್ಪನವರ ಹೊಟ್ಟೆ ಕುಣಿಯತೊಡಗಿತು, ರುಮಾಲು ಜಾರಿತು, ಕಣ್ಣಲ್ಲಿ ನೀರು ಬಂತು. “ಅಲ್ಲ ಬೀರಪ್ಪ,” ಎಂದರು ಉಸಿರು ಹಿಡಿದು, “ಬಾಯಿ ತುಂಬ ಹಲ್ಲಿದ್ದಾಗ ಎಷ್ಟು ಮಾತಾಡ್ದಿ. ಮಳಿ, ದಾರಿ, ಎತ್ತು, ಎಮ್ಮಿ. ಇದೊಂದು ಮಾತು ಬರಲಿಲ್ಲ ನಿನ್ನ ಬಾಯಾಗ. ಹಲ್ಲು ಹೋದ ಮ್ಯಾಲ ಹೊರಗ ಬಿತ್ತು ನೋಡು.”

ಕಾಕಾ ಬರೀ ವಸಡಿನಿಂದ ನಕ್ಕರು. ಹೊಸದಾಗಿ ಹುಟ್ಟಿದ ಕೂಸು ನಕ್ಕಂತಿತ್ತು.

“ತೊಗರಿ ಹೋದದ್ದಕ್ಕ ನನಗ ಸಿಟ್ಟಿರಲಿಲ್ಲೋ. ನನ್ನ ಕಿವಿ ಸುಳ್ಳು ಮಾಡಿದ್ಯಲ್ಲ, ಅದಕ್ಕ,” ಎಂದರು ಧೂಳಪ್ಪ. ಕೋಲನ್ನು ಗೋಡೆಗೆ ಒರಗಿಸಿ ನನ್ನ ಕಡೆ ತಿರುಗಿದರು. “ಟೀಚರಮ್ಮ, ನೀವು ಚಲೋ ಸುರು ಮಾಡಿದ್ರಿ. ನೇರ ಹೊಲದಾಗೇ ಬಿಟ್ರಿ. ಈ ನಿಮ್ಮ ಕಾಕಾನ ಕೈಯಾಗ ಕೊಟ್ಟಿದ್ರ ನಾವು ಇನ್ನಾ ಮಳ್ಯಾಗೇ ತೊಯ್ಕೋತ ಕೂಡ್ತಿದ್ವಿ. ಎಲ್ಲಿ, ಹುಡುಗಿಗಿ ಕರೀರಿ. ಶಿರಾ ಆರಿ ಹೋಗ್ತದ.”

ಸುನೀತಾ ಶಿರಾದ ತಟ್ಟೆಗಳನ್ನು ತಂದಳು. ಮುಖ ಹೊಳೆಯುತ್ತಿತ್ತು. ಧೂಳಪ್ಪ ಮೊದಲನೆಯ ತಟ್ಟೆ ಇಸಿದುಕೊಂಡು ಕಾಕಾರ ಕೈಗೆ ಕೊಟ್ಟರು. “ತಗೋ. ಇದಕ್ಕ ಹಲ್ಲು ಬೇಕಾಗಲ್ಲ.”

ನಾನು ಪೀಠಿಕೆಯಲ್ಲಿ ಫೇಲಾದವಳು, ಆದರೂ ಎಲ್ಲರೂ ಪಾಸು ಮಾಡಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ. ಇಷ್ಟು ವರ್ಷ ಕಾಕಾ ಮದುವೆ ಮುಂಜಿಗಳಲ್ಲಿ ಧೂಳಪ್ಪನವರ ಪಕ್ಕ ಹೋಗಿ ಕೂತು ಮಳೆಯ ಮಾತು ತೆಗೆಯುತ್ತಿದ್ದುದು ಸುಮ್ಮನೆ ಅಲ್ಲವೇನೋ. ಆ ಮಳೆ, ಆ ದಾರಿ ಎಲ್ಲವೂ ‘ನಮ್ಮ ಮೇಕಿ’ ಎಂಬ ಒಂದು ಮಾತಿಗೆ ಹಾಕುತ್ತಿದ್ದ ಪೀಠಿಕೆ. ವಿಷಯದ ಹತ್ತಿರ ಬರುವಷ್ಟರಲ್ಲಿ ಕೇಳುವವರು ಎದ್ದು ಹೋಗುತ್ತಿದ್ದರು. ಒಬ್ಬರು ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ, ಇನ್ನೊಬ್ಬರು ಸ್ವಲ್ಪ ಬೇಗ ಹೇಳಿದ್ದರೆ ಎಂದು ಈಗ ಅನ್ನುವುದು ಸುಲಭ. ಪಕ್ಕದಲ್ಲಿ ಕೂತ ಅಜ್ಜಿಗೆ ಆ ದಿನ ನಾನೇ ಕೇಳಿದೆ: “ಎಲ್ಲಿ ತನಕ್ರಿ ಆಯಿ?” ಬೀದರ ಬರುವವರೆಗೂ ಅವರು ಹೇಳಿದರು.

ಮದುವೆ ಬೇಸಿಗೆಯಲ್ಲಿ ಚೆನ್ನಾಗಿ ಆಯಿತು. ಕಾಕಾ ಹೊಸ ಹಲ್ಲು ಹಾಕಿಕೊಂಡು, ಫೋಟೊದವನು ಸಾಕು ಅನ್ನುವಷ್ಟು ನಕ್ಕರು.

ಈಗ ಈ ಭಾನುವಾರಕ್ಕೆ ಬರುತ್ತೇನೆ. ಲವಂಗದ ಪೊಟ್ಟಣ ಕೈಯಲ್ಲಿ ಹಿಡಿದು ನಾನು ಇದೆಲ್ಲ ನೆನೆಯುತ್ತಿರುವಾಗಲೇ ಫೋನು ಬಂತು. ಕಾಕಾ! ರೂಢಿಯಂತೆ ಸ್ಪೀಕರ್ ಹಾಕಿ ಕಿಟಕಿಯಲ್ಲಿಡಲು ಹೋದವಳು ತಡೆದೆ. ಒಲೆ ಆರಿಸಿದೆ. ಕಟ್ಟೆಯ ಕೆಳಗಿದ್ದ ಮಣೆ ಎಳೆದುಕೊಂಡು, ಫೋನು ಕಿವಿಗಿಟ್ಟು ಕೂತೆ.

“ಮಗಾ, ಬೀದರದಾಗ ಮಳಿ ಹ್ಯಾಂಗ ಅದ?” ಹೊಸ ಹಲ್ಲಿನ ಒಂದು ಸಣ್ಣ ಟಕ್ ಸಪ್ಪಳ ಪ್ರತಿ ಮಾತಿಗೂ ಸೇರುತ್ತಿತ್ತು. ಬೀದರದ ಮಳೆ ಹೇಳಿದೆ. ಔರಾದದ ಮಳೆ ಕೇಳಿದೆ. ಧೂಳಪ್ಪ ಹೋದ ವಾರ ಬಂದು ಎರಡು ದಿನ ಇದ್ದು ಹೋದರಂತೆ. ಹೊಸ ಮರಿಗಳು ಹುಟ್ಟಿವೆಯಂತೆ. ಕಾಕಿಯ ಮೊಣಕಾಲು ವಾಸಿಯಂತೆ. ಸೆಟ್ಟಿನ ಸಂದಿಯಲ್ಲಿ ಲವಂಗ ನಿಲ್ಲುವುದಿಲ್ಲವಂತೆ, ಅದೊಂದೇ ದುಃಖವಂತೆ. ನಾನು ಹೂಂ ಅನ್ನುತ್ತ, ನಡುವೆ ಪ್ರಶ್ನೆ ಕೇಳುತ್ತ, ಎಲ್ಲಿಯೂ ಅವಸರ ಮಾಡದೆ ಕಾದೆ.

“ಮತ್ತ ಕಾಕಾ? ಏನು ಸಮಾಚಾರ?”

“ಮತ್ತೇನಿಲ್ಲ ಮಗಾ,” ಎಂದರು. “ಹಂಗೇ ಹಚ್ಚಿದ್ದೆ.”

ಫೋನು ಇಟ್ಟ ಮೇಲೆ ನೋಡಿದರೆ ಪೊಟ್ಟಣದ ಬಾಯಿ ಇನ್ನೂ ತೆರೆದೇ ಇತ್ತು. ಒಂದು ಲವಂಗ ತೆಗೆದು ದವಡೆಗೆ ಇಟ್ಟುಕೊಂಡು ಉಳಿದವನ್ನು ಡಬ್ಬಿಗೆ ಸುರಿದೆ. ಆಮೇಲೆ ಮಕ್ಕಳ ಪ್ರಬಂಧದ ಕಟ್ಟು ಎಳೆದುಕೊಂಡೆ. ಆ ಹುಡುಗಿಯ ಹಾಳೆಯಲ್ಲಿ ನಾನು ಬಾವಿಕಟ್ಟೆಯ ಬೆಕ್ಕಿನ ತನಕ ಬಂದು ನಿಲ್ಲಿಸಿದ್ದೆ. ಕೆಂಪು ಪೆನ್ನಿನ ಮುಚ್ಚಳ ತೆಗೆಯದೆ ಅಲ್ಲಿಂದಲೇ ಓದತೊಡಗಿದೆ.